ಹನ್ನೆರಡನೇ ಕೌದಿ

ಚೌಕಟ್ಟಿನ ಕೆಳ ಅಂಚಿನಿಂದ ಬಿಳಿ ಹುಳವೊಂದು ಇಳಿಯುತ್ತಿತ್ತು.

ಹುಮೇರಾ ಮೊದಲು ಅದನ್ನು ದಾರದ ತುದಿ ಅಂದುಕೊಂಡಳು. ಕನ್ನಡಕ ಒರೆಸಿ ಮತ್ತೆ ನೋಡಿದಳು. ದಾರ ಹೀಗೆ ಸೊಂಟ ಮಡಚಿ ನಡೆಯುವುದಿಲ್ಲ. ಹುಳ ಗೋಡೆಯ ಸುಣ್ಣದ ಮೇಲೆ ಅರ್ಧ ಗೇಣು ಇಳಿದು ನಿಂತಿತು, ಆಮೇಲೆ ನೆಲಕ್ಕೆ ಬಿತ್ತು. ಬಿದ್ದ ಜಾಗದಲ್ಲಿ ಇನ್ನೂ ಮೂರು ಇದ್ದವು.

ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ಕಣ್ಣು ಹಾಯಿಸಿದಳು.

ಸುರಪುರದ ಹಳೆಯ ವಾಡೆಯೊಂದರ ಪಡಸಾಲೆಯಲ್ಲಿ ‘ಕಡಲ ಕೌದಿ’ ಪ್ರದರ್ಶನ ಶುರುವಾಗಿ ಅದು ನಾಲ್ಕನೇ ದಿನ. ಗೋಡೆಗೆ ಹನ್ನೆರಡು ಕೌದಿಗಳನ್ನು ತೂಗುಹಾಕಿದ್ದರು. ಹೊದೆಯುವಂಥವಲ್ಲ ಅವು. ಹಳೆಯ ಸೀರೆ, ಲುಂಗಿ, ಗೋಣಿತಟ್ಟಿನ ತುಂಡುಗಳನ್ನು ಜೋಡಿಸಿ ಹೊಲಿದು, ಮೇಲೆ ಮೀನಿನ ಹುರುಪೆ, ಸಿಗಡಿ ಸಿಪ್ಪೆ, ಹರಿದ ಬಲೆ, ಚಿಪ್ಪುಗಳನ್ನು ಅಂಟಿಸಲಾಗಿತ್ತು. ಹತ್ತಿರ ನಿಂತರೆ ಮೀನು ಮಾರುಕಟ್ಟೆಯ ಮೋರಿ. ಹತ್ತು ಹೆಜ್ಜೆ ಹಿಂದೆ ಸರಿದರೆ ಮಲ್ಪೆಯ ಕಡಲು.

ಆ ಕಡಲಿನ ಮೇಲೆ ಕೃಷ್ಣಾ ನದಿಯ ದುಂಡನೆಯ ಹರಗೋಲುಗಳು ತೇಲುತ್ತಿದ್ದವು. ಒಂದು ಕೌದಿಯಲ್ಲಿ ಕಚ್ಚೆ ಹಾಕಿದ ಹೆಂಗಸರು ದಡದಲ್ಲಿ ಸಾಲಾಗಿ ನಿಂತು, ಅಲೆಗಳನ್ನೇ ಬಟ್ಟೆಯಂತೆ ಎತ್ತಿ ಬಂಡೆಗೆ ಒಗೆಯುತ್ತಿದ್ದರು. ಮೊದಲ ದಿನ ಹುಮೇರಾ ಅದನ್ನು ಹತ್ತು ಹೆಜ್ಜೆ ದೂರದಿಂದಲೇ ಬಹಳ ಹೊತ್ತು ನೋಡಿದ್ದಳು. ಅಂಥ ಚಿತ್ರವನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಮಾಡಿದವಳು ತಿಂಥಣಿಯ ಸಾಯಬಮ್ಮ. ಗಂಡ ಬಸಲಿಂಗನ ಜೊತೆ ಮಲ್ಪೆಗೆ ಮೀನು ಆರಿಸುವ ಕೂಲಿಗೆ ಹೋದವಳು, ಮೂರು ವರ್ಷದ ಹಿಂದೆ ಬಂದರಿನ ಕಟ್ಟೆಯಿಂದ ಜಾರಿ ಕಡಲುಪಾಲಾದಳೆಂದು ಬಾಗಿಲಲ್ಲಿ ಹಾರ ಹಾಕಿಟ್ಟ ಫೋಟೋದ ಕೆಳಗಿನ ಬರಹ ಹೇಳುತ್ತಿತ್ತು. ಹೆಣ ಸಿಕ್ಕಿರಲಿಲ್ಲ. “ನಮ್ಮಕ್ಕ ಸತ್ತಿಲ್ರಿ” ಎಂದು ತಂಗಿ ಭಾರತಿ ಯಾದಗಿರಿಯಲ್ಲಿ ಹುಮೇರಾಳ ಪತ್ತೇದಾರಿ ಕಚೇರಿಯ ಮೆಟ್ಟಿಲು ಹತ್ತಿ ಎಂಟು ದಿನವಾಗಿತ್ತು.

“ಈ ವಾಸನೇನೂ ಚಿತ್ರದ ಭಾಗವೇ ನೋಡಿ” ಎಂದು ಬೆಂಗಳೂರಿನಿಂದ ಬಂದ ಹೆಂಗಸೊಬ್ಬಳು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಹೇಳಿದಳು. “ಇನ್ನೊಂದು ಮಾಡೋಕೆ ಆಕೆ ಇಲ್ವಲ್ಲ. ಅದೇ ಇದರ ಘನತೆ.”

ಪಕ್ಕದವರು ಹೌದೆಂದು ತಲೆಯಾಡಿಸಿದರು. ಒಬ್ಬರ ಬೂಟಿನ ಕೆಳಗೆ ಹುಳವೊಂದು ಅರೆದುಹೋಯಿತು. ಅವರಿಗೆ ಗೊತ್ತಾಗಲಿಲ್ಲ.

ಹುಮೇರಾಳ ಹಿಂದೆ ನಿಂತಿದ್ದ ಮರಿಲಿಂಗಪ್ಪ ಮೂಗು ಸೊಟ್ಟಗೆ ಮಾಡಿದ. ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿ, ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತನಾದವ. ಈಗ ಹುಮೇರಾಳ ಹಳೆಯ ವ್ಯಾನು ಓಡಿಸುತ್ತಾನೆ.

“ಸರ್ವೀಸಿನ್ಯಾಗ ಎಷ್ಟೋ ಹೆಣಾ ಕಾದೀನಿ ಅವ್ವಾ” ಎಂದ ಪಿಸುದನಿಯಲ್ಲಿ. “ಅವು ಇದಕ್ಕಿಂತ ಮರ್ಯಾದಿಯಿಂದ ನಾರತಿದ್ವು.”

“ಕಾಕಾ, ಭಾರತೀನ್ನ ಕರೀರಿ. ಹಂಗ ಒಂದು ಕಡ್ಡಿಪೆಟ್ಟಿಗಿ ಖಾಲಿ ಮಾಡಿ ಕೊಡ್ರಿ.”

ಸಂಜೆ ಕಾಲೇಜಿನಲ್ಲಿ ಕಾನೂನು ಓದುವಾಗ ಮೇಷ್ಟ್ರೊಬ್ಬರು ಹೇಳಿದ್ದನ್ನು ಹುಮೇರಾ ಮರೆತಿರಲಿಲ್ಲ: ಗೊತ್ತಿಲ್ಲದ್ದನ್ನು ಗೊತ್ತಿರುವವರಿಗೆ ಕೇಳು. ಕೇಳದೆ ತೀರ್ಮಾನಿಸಿ ಎರಡು ಸಲ ಕೈ ಸುಟ್ಟುಕೊಂಡಿದ್ದಳು. ಹುಳದ ವಿಷಯ ತನಗೆ ಗೊತ್ತಿಲ್ಲ. ಭಾರತಿಗೆ ಗೊತ್ತಿರಬೇಕು, ಅವಳು ಹನ್ನೆರಡು ವರ್ಷದಿಂದ ಸಂತೆಯಲ್ಲಿ ಒಣಮೀನು ಮಾರುವವಳು.

ಭಾರತಿ ಕುಕ್ಕರಗಾಲಲ್ಲಿ ಕೂತು ಒಂದು ಹುಳವನ್ನು ಬೆರಳಲ್ಲೇ ಎತ್ತಿದಳು. ಹುಮೇರಾ ಮುಖ ತಿರುಗಿಸಿದಳು.

“ಇವು ನೊಣದ ಮರಿ ಅಕ್ಕಾರ. ಒಣಗಿದ್ದಕ್ಕ ಬೀಳಂಗಿಲ್ಲ. ಒಣಮೀನಿಗೆ ಬೀಳೋದು ಕರಿ ಹುಳ, ಮೈಮ್ಯಾಲ ಕೂದಲಾ ಇರ್ತಾವ. ಇವಕ್ಕ ಹಸೀ ಬೇಕು.”

“ಹಸೀ ಅಂದ್ರ ಎಷ್ಟು ದಿನದ್ದು?”

“ಒಂದು ವಾರದೊಳಗಿಂದು. ಅದು ದಾಟಿದ್ರ ರೆಕ್ಕಿ ಬಂದು ಹಾರಿ ಹೋಗ್ತಾವ.”

ಭಾರತಿ ಎದ್ದು ಕೌದಿಯ ಅಂಚು ಮಗುಚಿ ನೋಡಿದಳು. ದೊಡ್ಡ ಹುರುಪೆಗಳ ಸಾಲೊಂದರ ಮೇಲೆ ಅವಳ ಉಗುರು ನಿಂತಿತು. ಒಂದೊಂದೂ ರೂಪಾಯಿಯಷ್ಟು ಅಗಲ.

“ಇದು ಕಾಟ್ಲಾ. ನಮ್ಮ ಹೊಳ್ಯಾಗಿನ ಮೀನು. ಸಮುದ್ರದಾಗ ಎಲ್ಲಿ ಇರಬೇಕ್ರಿ ಇದು? ಅಂಟು ಸಹ ಇನ್ನಾ ಮೆತ್ತಗ ಅದ. ಮೀನಿನ ತೊಗಲು ಬೇಯ್ಸಿ ಹುಣಸಿಬೀಜದ ಹಿಟ್ಟು ಕಲಸ್ಯಾರ.” ಅವಳು ಹೊಲಿಗೆಯ ಮೇಲೆ ಬೆರಳಾಡಿಸಿದಳು. “ಹೊಲಿಗಿ ನಮ್ಮಕ್ಕಂದ ಅದ. ಗಂಟು ಎಡಕ್ಕ ಹಾಕ್ತಾಳ. ಅಕ್ಕಾರ, ನಮ್ಮಕ್ಕ ಹ್ವಾದ ವಾರ ಜೀವಂತ ಇದ್ಲು!”

ಹುಮೇರಾ ತಕ್ಷಣ ಹೌದೆನ್ನಲಿಲ್ಲ. ಅಕ್ಕಂದೇ ಹೊಲಿಗೆ ಎಂದು ತಂಗಿಗೆ ಅನ್ನಿಸುವುದು ಸಾಕ್ಷಿಯೋ ಆಸೆಯೋ? ಉಳಿದ ಹನ್ನೊಂದನ್ನೂ ನೋಡು ಎಂದಳು. ಭಾರತಿ ಒಂದೊಂದರ ನಡುಮಧ್ಯಕ್ಕೂ ಅಂಗೈ ಒತ್ತುತ್ತ ಹೋದಳು. ಪ್ರತಿಯೊಂದರಲ್ಲೂ ಅಲ್ಲಿ ನಾಲ್ಕು ಬೆರಳಗಲದ ಚೌಕ ತೇಪೆ, ಒಳಗೆ ಸಣ್ಣ ಗಂಟು.

“ಏನದು?”

“ಹೊಟ್ಟಿ ಅಕ್ಕಾರ. ನಮ್ಮ ಮನ್ಯಾಗ ಕೌದಿ ಹೊಲಿದ್ರ ಕಡೀಕ ನಡುವ ಒಂದು ಚೂರು ರೊಟ್ಟಿ ಇಟ್ಟು ಮ್ಯಾಲ ತ್ಯಾಪಿ ಹಾಕ್ತೀವಿ. ಕೌದಿ ಹಸಿದಿರಬಾರದು ಅಂತ. ಹಸಿದ ಕೌದಿ ಹೊಚ್ಚಿಕೊಂಡವ್ರಿಗೆ ನಿದ್ದಿ ಬರಂಗಿಲ್ಲ ಅಂತಿದ್ಲು ನಮ್ಮವ್ವ.”

ಹುಳ ಬಿದ್ದ ಹನ್ನೆರಡನೆಯದಕ್ಕೆ ಮರಳಿ ಬಂದು, ಅದರ ನಡುವೆ ಅಂಗೈ ಒತ್ತಿದವಳು ಹಾಗೆಯೇ ನಿಂತಳು. ಮತ್ತೊಮ್ಮೆ ಒತ್ತಿದಳು. ತೇಪೆ ಇತ್ತು, ಸುತ್ತ ಅಚ್ಚುಕಟ್ಟಾದ ಹೊಲಿಗೆಯೂ ಇತ್ತು. ಒಳಗೆ ಏನೂ ಇರಲಿಲ್ಲ.

“ಮರತಿರಬೇಕು” ಎಂದ ಮರಿಲಿಂಗಪ್ಪ.

“ಮರಿಯಂಗಿಲ್ಲ ಕಾಕಾ. ತ್ಯಾಪಿ ಹಾಕ್ಯಾಳ, ರೊಟ್ಟಿ ಇಟ್ಟಿಲ್ಲ. ಬೇಕಂತ ಮಾಡ್ಯಾಳ.” ಭಾರತಿ ಅಂಗೈ ತೆಗೆದಳು. “ಹೊಟ್ಟಿ ಖಾಲಿ ಬಿಡೋದು ಒಂದ ಕೌದಿಗೆ. ಹೆಣದ ಕೆಳಗ ಹಾಸೋದಕ್ಕ.”

ಬೆಂಗಳೂರಿನ ಹೆಂಗಸು ಯಾರಿಗೋ ಅದೇ ಕೌದಿಯ ಮುಂದೆ ಫೋಟೋ ತೆಗೆಯಲು ಹೇಳುತ್ತಿದ್ದಳು.

ಹುಮೇರಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ವಾರದ ಹಿಂದೆ ಸಾಯಬಮ್ಮ ಬದುಕಿದ್ದಳು. ವಾರದ ಹಿಂದೆಯೇ ಹೆಣದ ಕೌದಿ ಹೊಲಿದಿದ್ದಳು. ಸತ್ತವಳೆಂದು ಹಾರ ಹಾಕಿಸಿಕೊಂಡವಳು ಸಾವು ಬರುವುದನ್ನು ಕಂಡು ಹೀಗೆ ಹೇಳಿ ಕಳಿಸಿದ್ದಾಳೆ. ಈಗಲೂ ಉಸಿರಾಡುತ್ತಿದ್ದರೆ ಅವಳನ್ನು ತಲುಪಲು ಎಷ್ಟು ಹೊತ್ತಿದೆ? ತಾನು ಮೊದಲ ದಿನವೇ ಈ ಕೌದಿಯ ಮುಂದೆ ನಿಂತಿದ್ದಳು. ನಾತಕ್ಕೆ ಹೇಸಿ ಹತ್ತಿರ ಹೋಗಿರಲಿಲ್ಲ.

*

ಪಡಸಾಲೆಯ ಹಿಂದಿನ ಕೋಣೆಯಲ್ಲಿ ಗಯಾಸ ಕೌದಿಗಳಿಗೆ ಚೀಟಿ ಅಂಟಿಸುತ್ತಿದ್ದ. ಶಹಾಪುರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಅವನದು; ಈ ಪ್ರದರ್ಶನ ನಡೆಸುತ್ತಿದ್ದವನೂ ಅವನೇ. ಮೈಗೆ ಅತ್ತರು ಸುರಿದುಕೊಂಡಿದ್ದ. ಕೊಳೆತ ಮೀನಿನ ಮೇಲೆ ಗುಲಾಬಿ ಅತ್ತರು ಸೇರಿ ಕೋಣೆಯ ಗಾಳಿ ನಾಲಿಗೆಗೆ ಅಂಟುತ್ತಿತ್ತು.

“ಆಯಿಯೇ ಆಪಾ, ಕೂಡ್ರಿ. ಚಾ ತರಸ್ತೀನಿ.”

“ಚಾ ಬ್ಯಾಡ ಗಯಾಸಭಾಯ್. ಹನ್ನೆರಡನೇದು ಯಾವಾಗ ಮಾಡಿದ್ದು?”

“ಚೀಟಿ ಮ್ಯಾಲ ಅದಲ್ಲ. ಮೂರು ವರ್ಷದ ಹಿಂದ, ಮಲ್ಪೆದಾಗ. ಆಕಿ ಕೈಯಿಂದ ಆದ ಕಡೀದು.”

ಹುಮೇರಾ ಕಡ್ಡಿಪೆಟ್ಟಿಗೆ ತೆರೆದು ಅವನ ಅರ್ಧ ಕುಡಿದ ಚಹಾದ ಬಸಿಯಲ್ಲಿ ಸುರಿದಳು. ನಾಲ್ಕು ಹುಳ ಚಹಾದ ಹನಿಯಲ್ಲಿ ಹೊರಳಾಡಿದವು.

“ಇವು ಮೂರು ವರ್ಷ ಉಪವಾಸ ಇದ್ವೇನು?”

ಗಯಾಸ ಕುರ್ಚಿ ಹಿಂದಕ್ಕೆ ಸರಿಸಿದ. “ಛೀ ಛೀ, ಏನಿದು! ಗೋಡಿಯಿಂದ ಬಂದಿರಬೇಕು. ಹಳೇ ವಾಡೆ.”

“ಕಾಟ್ಲಾದ ಹುರುಪಿನೂ ಗೋಡಿಯಿಂದ ಬಂತೇನು?”

“ನನಗೇನ್ರಿ ಗೊತ್ತು? ನಾ ಮೀನಿನವ ಅಲ್ಲ.”

“ನಡೀರಿ, ಗೊತ್ತಿದ್ದವ್ರ ಮುಂದ ಮಾತಾಡೂಣು. ಹೊರಗ ಬೆಂಗಳೂರಿನ ಬಾಯಿಯವ್ರು ನಿಂತಾರ. ಸತ್ತವರ ಕಡೇ ಚಿತ್ರಕ್ಕ ಹ್ವಾದ ವಾರದ ಹುಳ ಬಿದ್ದಾವ ಅಂತ ನಾನೇ ತೋರಸ್ತೀನಿ.”

ಬಾಗಿಲಿಗೆ ಅಡ್ಡ ನಿಂತಿದ್ದ ಮರಿಲಿಂಗಪ್ಪ ದಾರಿ ಬಿಡುವವನಂತೆ ನಾಟಕ ಮಾಡಿ, “ಹೋಗ್ರಿ ಸಾಬ್ರ. ನಾ ಬಸಿ ಹಿಡಕೊಂಡು ಹಿಂದ ಬರ್ತೀನಿ” ಎಂದ.

ಗಯಾಸ ಎದ್ದವನು ಮತ್ತೆ ಕೂತ. ಕರವಸ್ತ್ರದಲ್ಲಿ ಬಸಿ ಮುಚ್ಚಿದ. ದನಿ ಸಣ್ಣದಾಯಿತು.

“ನಾ ಯಾರನ್ನೂ ಕೊಂದಿಲ್ಲ ಆಪಾ. ಬಸಲಿಂಗ ತಂದು ಕೊಡ್ತಿದ್ದ, ನಾ ಕಟ್ಟು ಹಾಕಿ ಇಡ್ತಿದ್ದೆ.”

“ಆಕಿ ಬದುಕ್ಯಾಳಂತ ಯಾವಾಗ ಗೊತ್ತಾತು?”

“ಗೊತ್ತಾಗಿಲ್ಲ. ನಾ ಕೇಳಿಲ್ಲ.” ಅವನು ಚೀಟಿಗಳನ್ನು ಜೋಡಿಸುತ್ತ ಸೇರಿಸಿದ, “ಕೇಳಿದ್ರ ಗೊತ್ತಾಗ್ತಿತ್ತು. ಅದಕ್ಕ ಕೇಳಿಲ್ಲ.”

ಹುಮೇರಾಳಿಗೆ ಪಡಸಾಲೆಯ ಹುಳಕ್ಕಿಂತ ಈ ಮಾತೇ ಹೆಚ್ಚು ನಾರಿದಂತಾಯಿತು.

“ಜೀವಂತ ಇದ್ದಾಗ ಆಕಿನೇ ಒಮ್ಮೆ ಅಂಗಡಿಗೆ ಎರಡು ಕೌದಿ ತಂದಿದ್ಲು” ಎಂದ ಗಯಾಸ. “ಗಿರಾಕಿ ನಿಂತಿದ್ರು. ನಾರತದ, ಹೋಗವಾ ಅಂತ ಹೊರಗಿಂದ್ಹೊರಗ ಕಳಸಿದೆ. ಆಮ್ಯಾಲ ಸತ್ತಳಂತ ಬಸಲಿಂಗ ಅವೇ ಕೌದಿ ಹೊತ್ಕೊಂಡು ಬಂದ. ಆವಾಗ ನೋಡಿದೆ ಖರೆ. ಮಂದೀನೂ ಆವಾಗ ನೋಡಿದ್ರು. ಬದುಕಿದ್ದಾಕೀದು ಯಾರಿಗೆ ಬೇಕಾಗಿತ್ತು ಹೇಳ್ರಿ?”

“ನನಗ ಬೇಕಾಗಿತ್ತು!” ಭಾರತಿ ಹೊಸ್ತಿಲ ಮೇಲಿಂದಲೇ ಕಿರುಚಿದಳು. “ನಮ್ಮಕ್ಕನ್ನ ಎಲ್ಲಿ ಇಟ್ಟೀರಿ, ಹೇಳೋ ಮುಲಾಜು ಇಲ್ಲದವನ!”

“ನಾ ಇಟ್ಟಿಲ್ಲ ತಾಯಿ. ಈ ಸಲ ಬಸಲಿಂಗ ಬರಲೂ ಇಲ್ಲ. ಕಕ್ಕೇರಾ ಬಸ್ಸಿನ ಕಂಡಕ್ಟರ್ ಕೈಯಾಗ ಕೌದಿ ಗಂಟು ಬಂತು. ಅವತ್ತಿಂದ ಐದು ದಿನಾತು, ಫೋನ್ ಹಚ್ಚಿದ್ರ ಎತ್ತಂಗಿಲ್ಲ.”

“ಕಕ್ಕೇರಾದಾಗ ಎಲ್ಲಿ?” ಎಂದಳು ಹುಮೇರಾ.

ಗಯಾಸ ಉಂಗುರ ತಿರುಗಿಸಿದ. “ಊರು ದಾಟಿ ಎರಡು ಮೈಲು. ಮುಚ್ಚಿದ ಎಲುಬಿನ ಗೋದಾಮು ಅದ. ದನದ ಎಲುಬು ಕೂಡಿಸ್ತಿದ್ರು. ಆ ನಾತದಾಗ ಮೀನಿನ ನಾತ ಯಾರಿಗೂ ತಿಳಿಯಂಗಿಲ್ಲ. ಬ್ಯಾಸಿಗ್ಯಾಗ ಒಮ್ಮೆ ಹುರುಪಿ ಚೀಲ ನಾನೇ ಇಳಿಸಿ ಬಂದೀನಿ.”

“ಒಳಗ ಯಾರಿದ್ರು?”

“ನೋಡಿಲ್ಲ. ಯಾರೋ ಕೆಮ್ಮಿದ್ರು. ಹೆಣ್ಣು ದನಿ.”

“ಆಮ್ಯಾಲ?”

“ಗಾಡಿ ತಿರುಗಿಸಿದೆ.”

ಮರಿಲಿಂಗಪ್ಪ ಅವನ ಕೈಯಿಂದ ಫೋನು ಕಸಿದು ತನ್ನ ಜೇಬಿಗೆ ಹಾಕಿಕೊಂಡ. ಕಸಿಯುವ ಅಧಿಕಾರ ತಮಗಿಲ್ಲವೆಂದು ಹುಮೇರಾಳಿಗೆ ಗೊತ್ತಿತ್ತು. ಬೇಡ ಎನ್ನಲಿಲ್ಲ.

*

ವ್ಯಾನಿನಿಂದಲೇ ಠಾಣೆಗೆ ಫೋನು ಮಾಡಿದಳು. ಜಾಗ ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಮಾಡಿದಳು. ಜೀಪು ಹೊರಡುತ್ತದೆ, ಅರ್ಧ ತಾಸು ಹಿಂದೆ ಬಿದ್ದೀತು ಎಂದರು. ಕಾಯುವುದೋ, ಮುಂದೆ ಹೋಗುವುದೋ? ಭಾರತಿ ಹಿಂದಿನ ಸೀಟಿನಲ್ಲಿ ಮುಷ್ಟಿ ಬಿಗಿದು ಕೂತಿದ್ದಳು. ಹುಮೇರಾ ಮುಂದೆ ಹೋಗಲು ಹೇಳಿದಳು.

ಗಂಡ ಐದು ದಿನದಿಂದ ಕಾಣುತ್ತಿಲ್ಲ. ಅವಳ ಕತೆ ಮುಗಿಸಿ ಓಡಿಹೋಗಿರಬೇಕು. ಅಂದರೆ ಅಲ್ಲಿ ಸಿಗುವುದು ಏನು? ಅದನ್ನು ಭಾರತಿಗೆ ಮೊದಲೇ ಹೇಳಿ ಸಿದ್ಧ ಮಾಡಬೇಕಿತ್ತು. ಬಾಯಿ ಬರಲಿಲ್ಲ.

ಗೋದಾಮು ಕಾಣುವ ಮೊದಲೇ ಮೂಗಿಗೆ ಬಡಿಯಿತು. ತಗಡಿನ ಉದ್ದನೆಯ ಶೆಡ್ಡು, ಮಧ್ಯಾಹ್ನದ ಬಿಸಿಲಲ್ಲಿ ಕಾದು ಚಟಚಟ ಎನ್ನುತ್ತಿತ್ತು. ಪಕ್ಕದಲ್ಲಿ ಆಳೆತ್ತರದ ಎಲುಬಿನ ಗುಡ್ಡೆ: ಬುರುಡೆ, ಪಕ್ಕೆಲುಬು, ಗೊರಸು. ಅದರ ಮೇಲೆ ನೊಣಗಳ ಕಪ್ಪು ಪದರ. ವ್ಯಾನಿನ ಬಾಗಿಲು ತೆರೆದದ್ದೇ ಅವು ಎದ್ದು ಮುಖಕ್ಕೆ ಬಂದವು. ಒಂದು ಹುಮೇರಾಳ ತುಟಿಯ ಮೇಲೆ ಕೂತಿತು. ಅವಳು ಚಕ್ರದ ಪಕ್ಕ ಬಗ್ಗಿ ಬೆಳಗಿನ ತಿಂಡಿಯನ್ನೆಲ್ಲ ಕಾರಿಕೊಂಡಳು.

“ನೀವು ಇಲ್ಲೇ ನಿಂದರ್ರಿ ಕಾಕಾ. ಜೀಪು ಬಂದ್ರ ಕೂಗ್ರಿ.”

ಬಾಗಿಲಿಗೆ ಹೊರಗಿನಿಂದ ಬೀಗವಿರಲಿಲ್ಲ. ತಳ್ಳಿದರೆ ಸರಿಯಲಿಲ್ಲ. ಒಳಗಿನಿಂದ ಚಿಲಕ.

“ಯಕ್ಕಾ!” ಎಂದು ಭಾರತಿ ತಗಡು ಬಡಿದಳು. “ಯಕ್ಕಾ, ನಾ ಭಾರತಿ!”

ಏನೂ ಇಲ್ಲ. ಆಮೇಲೆ ಯಾರೋ ಕೆಮ್ಮಿದರು. ಚಿಲಕ ಸರಿಯಿತು.

ಹೊಸ್ತಿಲಲ್ಲಿ ನಿಂತವಳು ಫೋಟೋದ ಸಾಯಬಮ್ಮಳ ಅರ್ಧದಷ್ಟೇ ಇದ್ದಳು. ಮೊಣಕೈವರೆಗೆ ಹುರುಪೆ ಅಂಟಿ ಕೈಗಳು ಹೊಳೆಯುತ್ತಿದ್ದವು. ಬೆರಳ ಸಂದುಗಳು ಒಡೆದು ಕೀವು ಕಟ್ಟಿತ್ತು. ಭಾರತಿ ಹಾರಿ ತಬ್ಬಿಕೊಂಡಳು. ಅಕ್ಕನ ಕೈಗಳು ಪಕ್ಕದಲ್ಲಿ ಜೋತಾಡುತ್ತಿದ್ದವು.

“ದೂರ ಸರಿ. ನಾರತೀನಿ.”

“ಒಣಮೀನು ಮಾರಾಕಿ ಮುಂದ ನಾತದ ಮಾತು ಆಡ್ತಿ? ನಿನ್ನ ಬಾಯಾಗ ಮಣ್ಣು ಬೀಳ್ಲಿ” ಎಂದು ಭಾರತಿ ಅಳುತ್ತಲೇ ನಕ್ಕಳು. “ಬಾ, ಮನಿಗೆ ನಡಿ. ಅವ್ವ ನಿನ್ನ ತಿಥಿ ದಿನಾನೂ ಮಾಡಿಲ್ಲ, ಬರ್ತಾಳ ಅಂತ ಕುಂತಾಳ.”

ಸಾಯಬಮ್ಮಳ ಮುಖದಲ್ಲಿ ಆಗ ಏನೋ ಅಲುಗಿತು. ಒಂದು ಕೈ ಮೆಲ್ಲಗೆ ಎದ್ದು ತಂಗಿಯ ಬೆನ್ನ ಮೇಲೆ ಕೂತಿತು.

ಬದುಕಿದ್ದಾಳೆ. ಆದರೂ ಹುಮೇರಾಳ ಕಣ್ಣು ಚಿಲಕದ ಮೇಲೇ ಹೋಯಿತು. ಚಿಲಕ ಇವಳ ಕಡೆ ಇದ್ದ ಮೇಲೆ ಇವಳು ಎದ್ದು ಹೋಗಬಹುದಿತ್ತಲ್ಲ? ಕಂಡಕ್ಟರ್ ಕೈಗೆ ಗಂಟು ಕೊಟ್ಟವಳೂ ಇವಳೇ ಇರಬೇಕಲ್ಲ?

ಒಳಗೆ ದೊಡ್ಡ ಹಂಡೆಯಲ್ಲಿ ಅಂಟು ಕೊತಕೊತ ಕುದಿಯುತ್ತಿತ್ತು. ನೆಲದ ಮೇಲೆ ಅರ್ಧ ಮುಗಿದ ಕಡಲು. ಆಚೆಗೆ ಒಂದು ಒಳಕೋಣೆ, ದಪ್ಪ ಹಲಗೆಯ ಕದ. ಆ ಕದಕ್ಕೆ ಬೀಗ ಜಡಿದಿತ್ತು. ಮುಂದೆ ದನ ಕಟ್ಟುವ ಸರಪಳಿ ಬಿದ್ದಿತ್ತು.

“ಸಾಯಬಮ್ಮಾ, ಬಸಲಿಂಗ ಎಲ್ಲಿ?”

“ಅಲ್ಲೇ ಅದಾನ” ಎಂದಳು ಸಾಯಬಮ್ಮ. ಅಂಗಳದಲ್ಲಿ ಒಣಹಾಕಿದ ಬಟ್ಟೆ ತೋರಿಸುವಂತಿತ್ತು ದನಿ. “ಚೀಲ ತರಾಕ ಒಳಗ ಹ್ವಾದ. ಕದ ಎಳಕೊಂಡೆ. ಎರಡು ದಿನ ಕದದ ಕೆಳಗಿಂದ ನೀರು ಕೊಟ್ಟೆ. ಆಮ್ಯಾಲ ಕೆಲಸ ಇತ್ತು ಅಕ್ಕಾರ. ನೀರು ಕೊಡೋದು ನೆಪ್ಪಿನ್ಯಾಗ ಉಳೀಲಿಲ್ಲ.”

ಹನ್ನೆರಡನೇ ಕೌದಿಯ ಖಾಲಿ ಹೊಟ್ಟೆ ಯಾರ ಹೆಣಕ್ಕೆಂದು ಹುಮೇರಾಳಿಗೆ ಆಗ ತಿಳಿಯಿತು. ಸಾಯಬಮ್ಮ ಸೊಂಟದ ಗಂಟು ಬಿಚ್ಚಿ ಕೀಲಿಕೈ ತೆಗೆದು ಅವಳತ್ತ ಚಾಚಿದಳು. ಅಷ್ಟರಲ್ಲಿ ಭಾರತಿ ಬಗ್ಗಿದ್ದಳು. ಅಕ್ಕನ ಸೀರೆಯ ಅಂಚು ಎತ್ತಿ ಹಿಡಿದಿದ್ದಳು. ಎಡಗಾಲ ಗಿಣ್ಣಿನ ಸುತ್ತ ಬಳೆಯಂತೆ ಹುಣ್ಣು. ಮಾಂಸ ಒಳಕ್ಕೆ ಕುಸಿದು ಅಂಚು ಕಪ್ಪಾಗಿತ್ತು. ನೊಣಗಳು ಏಳಲೂ ಇಲ್ಲ.

“ಎಷ್ಟು ವರ್ಷ ಹಾಕಿದ್ದ ಆ ಸರಪಳಿ?” ಎಂದಳು ಭಾರತಿ.

“ಮೊದಲ ಎರಡು. ಆಮ್ಯಾಲ ಬಿಚ್ಚಿದ. ನಾ ಹೋಗಂಗಿಲ್ಲ ಅಂತ ಅವಗ ಗೊತ್ತಾಗಿತ್ತು.”

ಕದದ ಹಿಂದೆ ಏನೋ ಕೆರೆಯಿತು. ಉಗುರು ಹಲಗೆಯ ಮೇಲೆ, ತೀರ ನಿಧಾನ.

ಹುಮೇರಾ ಕೈ ಚಾಚುವ ಮೊದಲೇ ಭಾರತಿ ಕೀಲಿಕೈ ಕಿತ್ತುಕೊಂಡಳು.

“ಭಾರತಿ, ಕೊಡು. ಒಳಗ ಜೀವ ಅದ.”

“ನಮ್ಮಕ್ಕಂದು ಜೀವ ಇದ್ದಿಲ್ಲೇನ್ರಿ?”

“ಅವನ್ನ ಕೋರ್ಟಿಗೆ ನಿಲ್ಲಸೂಣು. ಈಗ ಸತ್ರ ಗುನ್ನೆ ನಿಮ್ಮಕ್ಕನ ಮ್ಯಾಲ ಬರ್ತದ. ತಿಳೀತೇನು? ಆಕೀನ್ನ ಈಗ ಕಂಡಿ, ನಾಳಿ ಜೈಲಿನ್ಯಾಗ ನೋಡ್ತಿ.”

ಅದು ನಿಜ. ನಿಜವೆಂದು ಗೊತ್ತಿದ್ದೂ ಆ ಕಾಲಿನ ಹುಣ್ಣಿನ ಮುಂದೆ ಹೇಳುವಾಗ ತನ್ನ ದನಿಯೇ ಹುಮೇರಾಳಿಗೆ ಹೇಸಿಗೆ ಎನಿಸಿತು.

“ಅಕ್ಕನ್ನ ಹುಡುಕಿ ಕೊಡ್ರಿ ಅಂದಿದ್ದೆ. ಹುಡುಕಿ ಕೊಟ್ರಿ” ಎಂದು ಭಾರತಿ ಹಿಂದಕ್ಕೆ ಹೆಜ್ಜೆ ಇಡುತ್ತ ಬಾಗಿಲ ಕಡೆ ಸರಿದಳು. “ನಿಮ್ಮ ಕೆಲಸ ಮುಗೀತು ಅಕ್ಕಾರ.”

“ಅವ್ವಾ!” ಹೊರಗಿನಿಂದ ಮರಿಲಿಂಗಪ್ಪನ ಕೂಗು. “ಜೀಪು ಬರಾಕತ್ತದ!”

ಭಾರತಿಯ ತೋಳು ಮೇಲೆದ್ದಿತು. ಕೀಲಿಕೈ ಬಿಸಿಲಲ್ಲಿ ಒಮ್ಮೆ ಮಿನುಗಿ, ಎಲುಬಿನ ಗುಡ್ಡೆಯ ಆಳದಲ್ಲೆಲ್ಲೋ ಬುರುಡೆಗೆ ಬಡಿದು ಸದ್ದು ಮಾಡಿತು.

ಹುಮೇರಾ ಒಳಕೋಣೆಯ ಕದದತ್ತ ಓಡಿ ಕಿವಿ ಇಟ್ಟಳು. ಕೆರೆತ ನಿಂತಿತ್ತು.